ನಮ್ಮೂರಿಗೆ ಹೋಗುವ ನೀರು

ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ "ನಿಮ್ಮ ಊರು ಯಾವುದು?" ಎಂಬ ಪ್ರಶ್ನೆಯಷ್ಟು ತಾಪತ್ರಯದ್ದು ಇನ್ನೊಂದಿಲ್ಲ. ಪುಣೆ ಎಂದರೆ ಮರಾಠಿ ಗೆಳೆಯರು "ಅದಲ್ಲ, ಮೂಲ ಊರು ಹೇಳು" ಎನ್ನುತ್ತಾರೆ. ಇಂಡಿ ತಾಲ್ಲೂಕು ಎಂದರೆ ಬೆಂಗಳೂರಿನ ಬಂಧುಗಳು "ಓಹೋ, ಮಹಾರಾಷ್ಟ್ರದ ಗಡಿ" ಎಂದು ಅರ್ಧ ಹೊರಗಿನವರನ್ನಾಗಿ ಮಾಡಿಬಿಡುತ್ತಾರೆ. ನಮ್ಮ ಸಂಘದ ಯುವ ಮಿತ್ರರು ಈ ಪೇಚಾಟವನ್ನು ನನಗಿಂತ ಚೆನ್ನಾಗಿ ಬಲ್ಲರು. ಅವರಿಗಾಗಿಯೇ ಈ ಬರಹ.

ಸಂಗಮ ಸೇತುವೆಯನ್ನು ದಾಟದ ಪುಣೇಕರ ಇಲ್ಲ. ಅಲ್ಲಿ ಮುಳಾ ಮತ್ತು ಮುಠಾ ಎರಡೂ ಕೂಡುತ್ತವೆ. ಮೂಗು ಮುಚ್ಚಿಕೊಂಡು ದಾಟುತ್ತೇವೆ, ಅಷ್ಟೇ. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ. ಮುಳಾ-ಮುಠಾ ಪೂರ್ವಕ್ಕೆ ಹರಿದು, ದೌಂಡ್ ಇನ್ನೂ ಮುಂದಿರುವಾಗಲೇ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯಕ್ಕೆ ಹೊಕ್ಕು ಹೊರಬಿದ್ದು, ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಳುಕಿ, ಸೊಲ್ಲಾಪುರದ ದಕ್ಷಿಣಕ್ಕೆ ಟಾಕಳಿಯ ಹತ್ತಿರ ಕರ್ನಾಟಕದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಕೆಲವು ದೂರ ಎಡದಂಡೆ ಅವರದು, ಬಲದಂಡೆ ನಮ್ಮದು. ಆ ಬಲದಂಡೆಯ ಒಂದು ಹಳ್ಳಿಯೇ ನಮ್ಮೂರು. ಭೀಮೆ ಒಟ್ಟು 861 ಕಿಲೋಮೀಟರು ಹರಿದು, ರಾಯಚೂರಿನ ಉತ್ತರಕ್ಕೆ ತೆಲಂಗಾಣದ ಅಂಚಿನಲ್ಲಿ ಕೃಷ್ಣೆಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ. ಅಂದರೆ, ನಾವು ಪುಣೆಯಲ್ಲಿ ಕೈತೊಳೆದ ನೀರು ಕೂಡ ನಮಗಿಂತ ಮೊದಲೇ ಊರಿನ ದಾರಿ ಹಿಡಿದಿರುತ್ತದೆ.

2024ರ ದೀಪಾವಳಿಯಿಂದ 2025ರ ದೀಪಾವಳಿಯವರೆಗಿನ ಒಂದು ವರ್ಷ ನಮ್ಮ ಮನೆಯವರೆಲ್ಲ ಈ ಹೊಳೆಯ ಮೇಲೂ ಕೆಳಗೂ ಓಡಾಡಿದೆವು. ಹೀಗೆಂದು ಯಾರೂ ಯೋಜನೆ ಹಾಕಿರಲಿಲ್ಲ. ಕಾರಣ ಬೇರೆಯೇ ಇತ್ತು.

ಆ ದೀಪಾವಳಿಗೆ ನಮ್ಮ ಕಾಕಾ ಊರಿನಿಂದ ಬಂದಿದ್ದರು. ಲಾಡು ತಿಂದಾದ ಮೇಲೆ ಅವ್ವನ ಮುಂದೆ ವಿಷಯ ಬಿಚ್ಚಿದರು. ಹೊಳೆದಂಡೆಯ ಹೊಲದಲ್ಲಿ ನಮ್ಮ ಪಾಲಿಗೆ ಮೂರು ಎಕರೆ ಇದೆ. ಅಪ್ಪ 1970ರ ದಶಕದಲ್ಲಿ ಪಿಂಪರಿಯ ಕಾರಖಾನೆಗೆ ದುಡಿಯಲು ಬಂದಂದಿನಿಂದ ಅದನ್ನೂ ಕಾಕಾನೇ ಮಾಡಿಕೊಂಡು ಬಂದಿದ್ದಾರೆ. ಈಗ ಅವರಿಗೆ ಮೊಣಕಾಲು ನೋವು. ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದಾನೆ.

"ವೈನಿ, ನನ್ನ ಕೈಲೆ ಇನ್ನ ಆಗೂದಿಲ್ಲ. ಗಿರಾಕಿ ಛಲೋ ಬಂದಾನ. ನಿಮ್ಮ ಪಾಲೂ ಕೂಡೇ ಕೊಟ್ಟಬಿಡೂಣು" ಎಂದರು.

ಗಿರಾಕಿಗೆ ಬೇಕಾದದ್ದು ಹೊಲವಲ್ಲ, ಹೊಲದ ಮಣ್ಣು. ಇಟ್ಟಂಗಿ ಭಟ್ಟಿ ಹಾಕುವವನು. ಅಪ್ಪ ತೀರಿಕೊಂಡು ಆರು ವರ್ಷವಾದ ಮೇಲೆ ಅವ್ವ ಊರಿನ ಕಡೆ ಹೋದವಳೇ ಅಲ್ಲ. ನಾನೂ ನನ್ನ ಹೆಂಡತಿಯೂ ಮನಸ್ಸಿನಲ್ಲಿ ಒಪ್ಪಿಯಾಗಿತ್ತು, ಸುಳ್ಳೇಕೆ ಹೇಳಲಿ. ಮಗಳು ಹನ್ನೊಂದನೆಯ ತರಗತಿ, ಮಗ ಏಳನೆಯದು. ಮುಂದಿನ ಖರ್ಚು ಕಣ್ಣೆದುರಿಗೇ ಇತ್ತು. ಅವ್ವ ಮಾತ್ರ ಒಂದೇ ಮಾತು ಹೇಳಿದಳು: "ಹೊಲ ನೋಡಲಾರದ ನಾ ಸಹಿ ಮಾಡಂಗಿಲ್ಲ. ಎಳ್ಳ ಅಮಾಸಿಗೆ ಹೋಗೂಣು."

ಎಳ್ಳ ಅಮಾವಾಸ್ಯೆ ಎಂದರೇನು ಎಂದು ಮಗ ಕೇಳಿದ. ನಮ್ಮ ಕಡೆಯ ಮಕ್ಕಳಿಗೇ ಇದು ಗೊತ್ತಿಲ್ಲದಿದ್ದರೆ ಉಳಿದವರ ಮಾತೇನು! ವಿಜಯಪುರ, ಕಲಬುರಗಿ, ಬೀದರ ಸೀಮೆಯಲ್ಲಿ ಇದು ದೀಪಾವಳಿಗಿಂತ ದೊಡ್ಡ ಹಬ್ಬ. ಹಿಂಗಾರಿ ಬಿಳಿಜೋಳ ತೆನೆ ಹಿರಿಯುವ ಹೊತ್ತಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜಿಸಿ, ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ. ಆಕೆಗೆ ಬಯಕೆಯ ಊಟ.

2024ರಲ್ಲಿ ಆ ಅಮಾವಾಸ್ಯೆ ಡಿಸೆಂಬರ್ 30ರಂದು ಬಂದಿತ್ತು. ಹಿಂದಿನ ದಿನವೇ ಸೊಲ್ಲಾಪುರದ ಹೆದ್ದಾರಿ ಹಿಡಿದೆವು. ಉಜನಿಯ ಅಣೆಕಟ್ಟು ಹೆದ್ದಾರಿಯಿಂದಲೇ ಕಾಣುತ್ತದೆ. ಟಾಕಳಿಯ ಸೇತುವೆ ದಾಟಿದರೆ ಧೂಳಖೇಡ, ಅಲ್ಲಿಂದ ಕನ್ನಡದ ಹಲಗೆಗಳು. ಮಕ್ಕಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಕನ್ನಡವನ್ನು ಸಂಘದ ಭಾನುವಾರದ ತರಗತಿಯಲ್ಲಿ ಕಲಿತವರು. ಅಂಗಡಿಯ ಹಲಗೆಯ ಮೇಲೆ ಅದು ಇಷ್ಟು ಸಲೀಸಾಗಿ ಕೂತಿರುವುದನ್ನು ಕಂಡು ಅವರಿಗೆ ಸೋಜಿಗ. ಸೇತುವೆಯ ಆಚೆ ದಂಡೆಯಲ್ಲಿ ಚಹ ಕುಡಿಯಲು ನಿಂತಾಗ ಅಂಗಡಿಯವನು ನಮ್ಮೊಡನೆ ಮರಾಠಿಯಲ್ಲಿ ಮಾತಾಡಿ, ತನ್ನ ಹೆಂಡತಿಯನ್ನು ಕನ್ನಡದಲ್ಲಿ ಬೈದ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಇದು ಮನೆ ಮನೆಯ ಮಾತು. ಗಡಿ ಕಾಗದದ ಮೇಲೆ ನೆಟ್ಟಗಿದೆ, ನಾಲಗೆಯ ಮೇಲೆ ಇಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಚಿಗವ್ವ ಮೂರು ಗಂಟೆಗೇ ಎದ್ದಿದ್ದಳು. ಸಜ್ಜಿ ರೊಟ್ಟಿ, ಎಣ್ಣೆ ಬದನೆಕಾಯಿ, ಪುಂಡಿಪಲ್ಯ, ಭಜ್ಜಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಹಿಂಡಿ, ಮೊಸರು. ಚಕ್ಕಡಿ ಹೋಗಿ ಟ್ರ್ಯಾಕ್ಟರಾಗಿದೆ, ಬುತ್ತಿ ಮಾತ್ರ ಅಷ್ಟೇ ಭಾರ. ಎರೆಮಣ್ಣಿನ ಹೊಲದಲ್ಲಿ ಜೋಳ ನನ್ನ ಮಗಳ ತಲೆಗಿಂತ ಎತ್ತರ ನಿಂತಿತ್ತು. ಕಾಕಾ ಮುಂದೆ, ಅವ್ವ ಹಿಂದೆ, ಕಡೆಗೆ ಮಕ್ಕಳು. ಚರಗ ಚೆಲ್ಲುತ್ತ ಹೊಲ ಸುತ್ತಿದರು. ಅವ್ವ ಹೊಳೆಯ ಕಡೆಯ ಬದುವಿಗೆ ಬಂದು ನಿಂತುಬಿಟ್ಟಳು. ಮದುವೆಯಾಗಿ ಬಂದ ವರ್ಷ ಆಕೆ ನೀರು ಹೊತ್ತ ದಾರಿ ಅದು. ಆಗ ವರತಿ ತೋಡಿ, ತೆಂಗಿನ ಚಿಪ್ಪಿನಿಂದ ನೀರು ತುಂಬುತ್ತಿದ್ದರಂತೆ. ಮರಳಿನ ನೀರು, ತಣ್ಣಗೆ, ಸಿಹಿಯಾಗಿ. ಈಗ ಮರಳೇ ಇಲ್ಲ. ಬ್ಯಾರೇಜಿನ ಹಿಂದೆ ಹಸಿರು ನೀರು ನಿಂತಿತ್ತು. ದಂಡೆಯ ಜಾಲಿಗಿಡಗಳಲ್ಲಿ ಆಳೆತ್ತರಕ್ಕೆ ಪ್ಲಾಸ್ಟಿಕ್ ಚೀಲಗಳು ಜೋತುಬಿದ್ದಿದ್ದವು. ಆ ಮಳೆಗಾಲದ ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಅದೇ ಗುರುತು. ಮಗಳು ಒಂದನ್ನು ಬಿಡಿಸಿ ಓದಿದಳು. ಪಂಢರಪುರದ ಒಂದು ಅಂಗಡಿಯ ವಿಳಾಸ.

"ಪುಣ್ಯಾದ್ದೂ ಬರ್ತಾವೇನು ಸಣ್ಣ ಮುತ್ಯಾ?" ಎಂದು ಮಗ ಕೇಳಿದ.

"ಚೀಲ ಉಜನ್ಯಾಗ ನಿಲ್ತಾವ. ನೀರು ನಿಮ್ಮದ ಬರ್ತದ" ಎಂದರು ಕಾಕಾ, ನಗುತ್ತಲೇ. "ನೀವು ಕುಡದ್ ಬಿಟ್ಟದ್ದು ನಮಗ."

ಯುವ ಮಿತ್ರರೇ, ಆ ಮಾತು ನಗೆಯದಲ್ಲ. ಪುಣೆಗೆ ನೀರು ಕೊಡುವ ಖಡಕವಾಸ್ಲಾ, ಪಾನಶೇತ, ವರಸಗಾಂವ, ಟೇಮಘರ ಈ ನಾಲ್ಕು ಅಣೆಕಟ್ಟುಗಳಲ್ಲಿ ಹಿಡಿಸುವುದು ಸುಮಾರು 29 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನಾವು ಬಳಸಿ ಬಿಟ್ಟ ನೀರೆಲ್ಲ ಶುದ್ಧವಾಗಿಯೇ ಹೊಳೆ ಸೇರುವುದಿಲ್ಲ ಎಂಬುದಕ್ಕೆ ಸಂಗಮ ಸೇತುವೆಯ ಮೇಲಿನ ಮೂಗೇ ಸಾಕ್ಷಿ. ಕೊಳಚೆ ಶುದ್ಧೀಕರಣಕ್ಕೆಂದು ಜಪಾನಿನ ಸಾಲದ ನೆರವಿನ ಯೋಜನೆಯೊಂದು 2016ರಲ್ಲಿ ಒಪ್ಪಿಗೆ ಪಡೆದಿತ್ತು; 2025 ಬಂದರೂ ಅದು ಮುಗಿದಿರಲಿಲ್ಲ. ಮೇಲಿನವರು ನಾವು, ಕೆಳಗಿನವರು ನಮ್ಮವರೇ. ಬೇರೆ ಯಾರದೋ ಊರಾಗಿದ್ದರೆ ಇದು ಪತ್ರಿಕೆಯ ಸುದ್ದಿ. ಚಿಗವ್ವ ಪಾತ್ರೆ ತೊಳೆಯುವ ನೀರಾದಾಗ ಅದಕ್ಕೆ ಬೇರೆ ವಾಸನೆ ಬರುತ್ತದೆ.

ಅವ್ವ ಅಂದು ಸಹಿಯ ಮಾತು ಎತ್ತಲಿಲ್ಲ. ಊಟವಾದ ಮೇಲೆ ಕಾಕಾನಿಗೆ "ಒಂದ ವರ್ಷ ತಡಿ" ಎಂದಳು. ಕಾಕಾ ಏನೂ ಹೇಳಲಿಲ್ಲ. ಮರುದಿನ ಎಲ್ಲರನ್ನೂ ಕರೆದುಕೊಂಡು ಹೊಳೆಯ ಕೆಳಗಿನ ಊರುಗಳನ್ನು ನೋಡಲು ಹೊರಟೆವು. ಮಕ್ಕಳಿಗೆ ತೋರಿಸಬೇಕು ಎಂಬುದೊಂದು, ಮನೆಯ ಬಿಗುವನ್ನು ಸಡಿಲಿಸಬೇಕು ಎಂಬುದಿನ್ನೊಂದು.

ಗಾಣಗಾಪುರದ ದತ್ತಾತ್ರೇಯ ದೇವಸ್ಥಾನ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿದೆ. ಅಲ್ಲಿ ಭೀಮೆಗೆ ಅಮರ್ಜಾ ಸೇರುತ್ತಾಳೆ. ಪುಣೆಯ ಮರಾಠಿ ಮನೆಗಳಲ್ಲಿ ಗಾಣಗಾಪುರ ಗೊತ್ತಿಲ್ಲದವರಿಲ್ಲ. ನಮ್ಮ ಮಕ್ಕಳಿಗೇ ಗೊತ್ತಿರಲಿಲ್ಲ. ದೇವಸ್ಥಾನದ ಬೀದಿಯಲ್ಲಿ ಭಿಕ್ಷೆಯ ಜೋಳಿಗೆ ಹಿಡಿದು ನಿಂತವರಲ್ಲಿ ನಮ್ಮ ಕೋಥರೂಡಿನವರೇ ಇಬ್ಬರು ಸಿಕ್ಕರು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಹೋಗಿ ಬಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ನನಗೆ ಹೇಳಲೇಬೇಕಾದದ್ದು ಸನ್ನತಿಯ ವಿಷಯ. ಅದೇ ಜಿಲ್ಲೆಯಲ್ಲಿ, ಭೀಮೆಯ ದಂಡೆಯಲ್ಲೇ, ಚಂದ್ರಲಾಂಬೆಯ ಗುಡಿ. ಆ ಆವರಣದ ಕಾಳಿಯ ಗುಡಿಯ ಮೇಲ್ಛಾವಣಿ 1986ರಲ್ಲಿ ಕುಸಿಯಿತು. ಮೂರ್ತಿ ಕೂರಿಸಿದ್ದ ಕಲ್ಲಿನ ಪೀಠವನ್ನು ನೋಡಿದರೆ ಅದು ಅಶೋಕ ಚಕ್ರವರ್ತಿಯ ಶಾಸನ! ಎಷ್ಟು ತಲೆಮಾರು ಅದರ ಮೇಲೆಯೇ ದೇವಿಗೆ ಪೂಜೆ ನಡೆದಿತ್ತೋ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಸುಣ್ಣಕಲ್ಲಿನ ಫಲಕಗಳ ಮೇಲೆ ಕೆತ್ತನೆ. ಒಂದು ಫಲಕದಲ್ಲಿ ರಾಜನೊಬ್ಬ ರಾಣಿ ಮತ್ತು ಪರಿಚಾರಕಿಯರೊಡನೆ ನಿಂತಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಬರೆದಿದೆ. ಅಶೋಕನ ಹೆಸರು ಬರೆದು ಕೆತ್ತಿದ ಚಿತ್ರ ಸಿಕ್ಕಿದ್ದು ಇಲ್ಲಿ, ನಮ್ಮ ಭೀಮೆಯ ದಂಡೆಯಲ್ಲಿ. ಶಾಲೆಯ ಪುಸ್ತಕದಲ್ಲಿ ಪಾಟ್ನಾದ ರಾಜ ಎಂದು ಓದಿದ್ದವನು ಅಜ್ಜನ ಊರಿನ ಹೊಳೆಯ ಕೆಳಗಿನ ಹಳ್ಳಿಯಲ್ಲಿ ನಿಂತಿರುವುದನ್ನು ಕೇಳಿ ನನ್ನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ಸುಮ್ಮನಿರುವುದು ಅಪರೂಪ.

ಮರಳುವಾಗ 2025ರ ಹೊಸ ವರ್ಷದ ದಿನ ಭಿಗವಣದಲ್ಲಿ ಇಳಿದೆವು. ಪುಣೆಯಿಂದ ಸುಮಾರು ನೂರು ಕಿಲೋಮೀಟರು, ಉಜನಿಯ ಹಿನ್ನೀರು. ಮೀನುಗಾರರೇ ದೋಣಿ ನಡೆಸಿ ಹಕ್ಕಿ ತೋರಿಸುತ್ತಾರೆ, ಹೆಸರುಗಳನ್ನು ಇಂಗ್ಲಿಷಿನಲ್ಲೇ ಹೇಳುತ್ತಾರೆ. ಹಿಮಾಲಯದ ಮೇಲಿಂದ ಹಾರಿ ಬರುವ ಪಟ್ಟೆತಲೆಯ ಬಾತುಗಳು, ಬಣ್ಣದ ಕೊಕ್ಕರೆಗಳು, ಮೀನು ಹಿಡಿಯುವ ಡೇಗೆ. ರಾಜಹಂಸಗಳು ಮಾತ್ರ ದೂರದಲ್ಲಿ ಬೆರಳೆಣಿಕೆಯಷ್ಟು. ನೀರು ಇಳಿದು ಕೆಸರು ಕಾಣಿಸಿಕೊಂಡಾಗಲೇ ಅವಕ್ಕೆ ಮೇವು. ಜಲಾಶಯ ತುಂಬಿದ ವರ್ಷ ಅವು ತಡವಾಗಿ ಬರುತ್ತವೆ ಎಂದ ದೋಣಿಯವನು. ಅವನ ಮನೆತನದ ಊರು ಇದೇ ನೀರಿನ ಅಡಿಯಲ್ಲಿದೆಯಂತೆ. ಉಜನಿ 1980ರಲ್ಲಿ ಪೂರ್ತಿಯಾದದ್ದು, 117 ಟಿ.ಎಂ.ಸಿ. ಹಿಡಿಯುವಂಥದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲಿಗಿಂತ ಕೆಳಗಿನ ಮೃತ ಸಂಗ್ರಹ. ಆದ್ದರಿಂದಲೇ ಬೇಸಿಗೆಯಲ್ಲಿ ಮರಾಠಿ ಪತ್ರಿಕೆಗಳು 'ಉಜನಿ ಉಣೆ' ಎಂದು ಸೊನ್ನೆಗಿಂತ ಕೆಳಗಿನ ಲೆಕ್ಕ ಬರೆಯುವುದು. 2024ರ ಬೇಸಿಗೆಯಲ್ಲಿ ಆ ಲೆಕ್ಕ ಎಷ್ಟು ಇಳಿಯಿತೆಂದರೆ, ಮುಳುಗಿದ್ದ ಪಳಸದೇವದ ಹಳೆಯ ಶಿವಾಲಯ ಹೊರಗೆ ಬಂದು ಜನ ನೋಡಲು ಮುಗಿಬಿದ್ದಿದ್ದರು. ನಾವು ಹೋದಾಗ ಅದು ಮತ್ತೆ ನೀರಿನ ಪಾಲಾಗಿತ್ತು. ದೋಣಿಯವನ ಊರಿಗೆ ಹೋಲಿಸಿದರೆ ನಮ್ಮೂರು ಇನ್ನೂ ಇದೆ, ಹೋಗಬಹುದು, ಬರಬಹುದು. ಅವ್ವ ಅವನ ಮಾತನ್ನು ಬಹಳ ಹೊತ್ತು ಕೇಳಿಸಿಕೊಂಡಳು, ತನ್ನ ಹರಕು ಮರಾಠಿಯಲ್ಲಿ ಏನೇನೋ ಕೇಳಿದಳು.

ಈ ಪ್ರವಾಸದಿಂದ ಮನೆಯಲ್ಲಿ ಒಂದು ಹೊಸ ರೂಢಿ ಹುಟ್ಟಿತು. ಮಗಳು ಪ್ರತಿ ಭಾನುವಾರ ಚಿಗವ್ವನಿಗೆ ಫೋನು ಮಾಡುತ್ತಿದ್ದಳು. ಮೊದಲು ಎಣ್ಣೆ ಬದನೆಕಾಯಿ ಮಾಡುವುದು ಹೇಗೆ ಎಂದು ಕೇಳಲು, ಆಮೇಲೆ ಸುಮ್ಮನೆ. ಆಕೆಯ ಕನ್ನಡ ಪುಸ್ತಕದ್ದು, ಚಿಗವ್ವನದು ಹೊಲದ್ದು. "ನೀರು ಇದೆಯೇ?" ಎಂದು ಈಕೆ, "ಏನ್ ನೀರವ್ವ, ಹೊಳಿ ಒಣಗಿ ಬಿರಕ್ ಬಿಟ್ಟದ" ಎಂದು ಆಕೆ. ಅದು ಯುಗಾದಿಯ ದಿನ, 2025ರ ಮಾರ್ಚ್ 30. ಅದೇ ವಾರ ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉತ್ತರ ಕರ್ನಾಟಕದ ಕುಡಿಯುವ ನೀರಿಗಾಗಿ ಕೃಷ್ಣೆಗೆ 2 ಟಿ.ಎಂ.ಸಿ.ಯನ್ನೂ ಉಜನಿಯಿಂದ ಭೀಮೆಗೆ 1 ಟಿ.ಎಂ.ಸಿ.ಯನ್ನೂ ಬಿಡಲು ಕೋರಿದರು. ಮಗ ಕೂತು ಲೆಕ್ಕ ಹಾಕಿದ: ನಮ್ಮ ನಾಲ್ಕು ಅಣೆಕಟ್ಟುಗಳಲ್ಲಿ ಹಿಡಿಸುವ ನೀರಿನ ಸುಮಾರು ಹತ್ತನೆಯ ಒಂದು ಪಾಲು. ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟು ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿತ್ತು ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆ. ಆದರೆ ಸೊಲ್ಲಾಪುರದ ಕುಡಿಯುವ ನೀರಿಗೆಂದು ಉಜನಿಯಿಂದ ಹೊಳೆಗೆ ಬಿಟ್ಟ ನೀರು ಟಾಕಳಿಯವರೆಗೆ ಬಂದು ನಿಂತಿದ್ದು, ಅದರ ಕೆಳಗಿನ ನಮ್ಮೂರಿನಲ್ಲಿ ಪಂಪುಸೆಟ್ಟು ಗಾಳಿ ಎಳೆಯುವುದು ಯಾವ ಪ್ರಶ್ನಪತ್ರಿಕೆಯಲ್ಲೂ ಬರುವುದಿಲ್ಲ. ಈ ಜಗಳದಲ್ಲಿ ಯಾರ ಕಡೆ ನಿಲ್ಲಬೇಕು ಎಂದು ಮಗಳು ಕೇಳಿದಳು. ಅವ್ವ ಹೇಳಿದ್ದು: "ತೊರವಿಗಿ ಎರಡೂ ದಂಡಿ ಬೇಕು."

ಮೇ ಕೊನೆಯ ವಾರದಲ್ಲೇ ಮುಂಗಾರು ಮುಂಬಯಿ ಪುಣೆಗಳಿಗೆ ಬಂದುಬಿಟ್ಟಿತು. ಎರಡು ವಾರ ಮೊದಲೇ! ಮಾವಿನ ಹಣ್ಣಿನ ಪೆಟ್ಟಿಗೆ ಇನ್ನೂ ಮನೆಯಲ್ಲಿತ್ತು, ಕೊಡೆ ಹುಡುಕಬೇಕಾಯಿತು.

ಜೂನಿನಲ್ಲಿ ಆಳಂದಿ, ದೇಹೂಗಳ ಪಾಲಕಿಗಳು ಪುಣೆಗೆ ಬಂದವು. ಇಷ್ಟು ವರ್ಷ ನಮಗೆ ಅದು ರಸ್ತೆ ಬಂದಾಗುವ ದಿನ. ಈ ಸಲ ಅವ್ವನ ಜೊತೆ ಮಕ್ಕಳೂ ಹೋಗಿ ನಿಂತರು. ಜ್ಞಾನೇಶ್ವರರ ಪಾಲಕಿಯ ಮುಂದೆ ಎರಡು ಕುದುರೆಗಳು ನಡೆಯುತ್ತವೆ. ಒಂದರ ಮೇಲೆ ಸವಾರ, ಇನ್ನೊಂದು ಖಾಲಿ. ಅದರ ಮೇಲೆ ಜ್ಞಾನೇಶ್ವರರೇ ಕೂತಿರುತ್ತಾರೆ ಎಂಬ ನಂಬಿಕೆ. ಆ ಕುದುರೆಗಳು ಎಲ್ಲಿಯವು ಗೊತ್ತೇ? ಬೆಳಗಾವಿ ಜಿಲ್ಲೆಯ ಅಂಕಲಿಯವು. ಪ್ರತಿವರ್ಷ ಅಲ್ಲಿಂದ ಕಾಲ್ನಡಿಗೆಯಲ್ಲಿ ಆಳಂದಿಗೆ ಬರುತ್ತವೆ. ಇನ್ನು ವಿಠ್ಠಲ. ಆತನನ್ನು ಕನ್ನಡಿಗ ಎಂದು ಕರೆದವರು ಜ್ಞಾನೇಶ್ವರರೇ. ಪಂಢರಪುರದ ಗುಡಿಯ ತೊಲೆಯೊಂದರ ಮೇಲೆ 1237ರ ಶಾಸನವಿದೆ, ಹೊಯ್ಸಳ ಸೋಮೇಶ್ವರ ದೇವರ ನೈವೇದ್ಯಕ್ಕೆ ಊರೊಂದನ್ನು ಬಿಟ್ಟ ಸಂಗತಿ ಅದರಲ್ಲಿದೆ. ಇದನ್ನು ಮರಾಠಿ ಗೆಳೆಯರ ಮುಂದೆ ಜಂಭದಿಂದ ಹೇಳಲು ಹೋಗಬೇಡಿ. ಅವರಿಗೆ ಗೊತ್ತಿದೆ, ಅವರೇ ಹಾಡುತ್ತಾರೆ. ಗೊತ್ತಿಲ್ಲದವರು ನಾವೇ.

ಹೊಳೆಯ ಹುಟ್ಟು ನೋಡದೆ ಯಾತ್ರೆ ಮುಗಿಯುವುದಿಲ್ಲ ಎಂದು ಆಗಸ್ಟಿನಲ್ಲಿ ಭೀಮಾಶಂಕರಕ್ಕೆ ಹೋದೆವು. ರಾಜಗುರುನಗರ, ಮಂಚರ ದಾಟಿ ಸುಮಾರು ನೂರಹತ್ತು ಕಿಲೋಮೀಟರು. ಶ್ರಾವಣದ ಸೋಮವಾರಗಳನ್ನು ಬಿಟ್ಟು ಹೋಗಿ, ಇಲ್ಲದಿದ್ದರೆ ಜನರ ಬೆನ್ನು ನೋಡಿ ಬರಬೇಕಾಗುತ್ತದೆ. ಜ್ಯೋತಿರ್ಲಿಂಗದ ಗುಡಿಯ ಮುಂದೆ ತೂಗುಹಾಕಿದ ದೊಡ್ಡ ಗಂಟೆ ಪೋರ್ಚುಗೀಸರದು. 1739ರಲ್ಲಿ ವಸಯಿಯ ಕೋಟೆ ಗೆದ್ದ ಚಿಮಾಜಿ ಅಪ್ಪಾ ತಂದದ್ದು. ಇಗರ್ಜಿಯ ಗಂಟೆ ಶಿವನಿಗೆ ಹೊಡೆಯುತ್ತದೆ.

ಗುಡಿಗಿಂತ ನನಗೆ ಹಿಡಿಸಿದ್ದು ಕಾಡು. 1985ರಿಂದ ಅದು ಅಭಯಾರಣ್ಯ. ಮರಾಠಿಯಲ್ಲಿ ಶೇಕರೂ ಎನ್ನುವ ಕೆಂದಳಿಲು ಅಲ್ಲಿಯ ಒಡೆಯ; ಮಹಾರಾಷ್ಟ್ರದ ರಾಜ್ಯಪ್ರಾಣಿ ಅದು. ಒಂದು ಗಂಟೆ ಕತ್ತು ಎತ್ತಿ ನಿಂತ ಮೇಲೆ ಬಾಲವಷ್ಟೇ ಕಂಡಿತು, ದಪ್ಪನೆಯ ಕೆಂಗಂದು ಬಾಲ. ಮಳೆ ಬೀಳುತ್ತಿರಲಿಲ್ಲ, ನಿಂತಿತ್ತು. ಅಂದರೆ ಗಾಳಿಯಲ್ಲೇ ತೂಗುತ್ತಿತ್ತು. ಬಂಡೆ, ಬೇರು, ಮೆಟ್ಟಿಲು ಎಲ್ಲದರಿಂದ ನೀರು. ಇದರಲ್ಲಿ ಭೀಮೆ ಯಾವುದು? ಗುಡಿಯ ಹತ್ತಿರ ಒಂದು ಕುಂಡ ತೋರಿಸುತ್ತಾರೆ, ಕಾಡಿನೊಳಗೆ ಗುಪ್ತ ಭೀಮಾಶಂಕರ ಎಂಬಲ್ಲಿ ಅದೇ ನೀರು ಮತ್ತೆ ಕಾಣಿಸಿಕೊಳ್ಳುತ್ತದೆ ಎನ್ನುತ್ತಾರೆ. ಇನ್ನೂ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಕಡಿದಾದ ಕೊರಕಲು, ಕೆಳಗೆ ಕೊಂಕಣ. ಆ ಅಂಚಿನ ಆಚೆ ಬಿದ್ದ ಹನಿ ನೂರು ಕಿಲೋಮೀಟರಿಗೂ ಕಡಿಮೆ ದೂರದ ಅರಬ್ಬೀ ಸಮುದ್ರಕ್ಕೆ. ಈಚೆ ಬಿದ್ದದ್ದು ನಮ್ಮೂರು, ಸನ್ನತಿ, ಕೃಷ್ಣೆ ಎಲ್ಲ ಸುತ್ತಿ ಬಂಗಾಳ ಕೊಲ್ಲಿಗೆ. ಒಂದು ಗೇಣಿನ ಅಂತರ. ಅವ್ವ ಕುಂಡದ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಳು. ರುಚಿ ಹೇಗಿದೆ ಎಂದು ಕೇಳಿದರೆ, "ವರತಿ ನೀರಿನಂಗ ಅದ" ಎಂದಳು.

ಸೆಪ್ಟೆಂಬರಿನಲ್ಲಿ ಆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಸೀನಾ ನದಿಯ ಸೀಮೆಯಲ್ಲಿ ಹಿಂದೆಂದೂ ಕಾಣದಂಥ ಮಳೆ. ಸೀನಾ ಸೊಲ್ಲಾಪುರದ ದಕ್ಷಿಣಕ್ಕೆ ಭೀಮೆಯನ್ನೇ ಸೇರುವುದು. ಅದರ ಮೇಲೆ ಉಜನಿಯಿಂದಲೂ ನೀರು. ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲೆ ನೀರು ಬಂದು ವಾಹನಗಳು ನಿಂತವು. ವಿಜಯಪುರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳ ದಂಡೆಯ ಹಳ್ಳಿಗಳು ಮುಳುಗಿದವು.

ಇಲ್ಲಿ ನನ್ನ ಮಗಳ ಭಾನುವಾರದ ಫೋನು ಉಪಯೋಗಕ್ಕೆ ಬಂತು. ಉಜನಿಯಿಂದ ಎಷ್ಟು ಬಿಟ್ಟರು, ದೌಂಡಿನಲ್ಲಿ ಎಷ್ಟು ಹರಿಯುತ್ತಿದೆ, ನೀರಾ ನದಿ ಕೂಡುವ ನರಸಿಂಗಪುರದಲ್ಲಿ ಎಷ್ಟು, ಸೀನಾ ಎಷ್ಟು ಏರಿದೆ ಎಂಬ ಸುದ್ದಿಯೆಲ್ಲ ಮೊದಲು ಬರುವುದು ಮರಾಠಿಯಲ್ಲಿ. ನಮ್ಮೂರಿನಲ್ಲಿ ಮರಾಠಿ ಮಾತಾಡುವವರು ಬಹಳ, ಕೂತು ಅಂಕಿ ಓದುವವರು ಕಡಿಮೆ. ಯುಗಾದಿಯಿಂದ ಹೊಳೆಯ ಲೆಕ್ಕ ನೋಡುವ ಹವ್ಯಾಸ ಹಿಡಿದಿದ್ದ ಅಕ್ಕ-ತಮ್ಮ ಇಬ್ಬರೂ ಅದನ್ನು ಓದಿ, ಕನ್ನಡದಲ್ಲಿ ಚಿಗವ್ವನಿಗೆ ಹೇಳತೊಡಗಿದರು. ಮೇಲೆ ಬಿಟ್ಟ ನೀರು ಊರು ಮುಟ್ಟಲು ಒಂದೆರಡು ದಿನ ಬೇಕು. ಒಂದು ರಾತ್ರಿ ಹತ್ತಕ್ಕೆ ಮಗಳು, "ಚಿಗವ್ವಾಯಿ, ನಾಳೆ ಅಲ್ಲ, ಈಗಲೇ ಪಂಪ್ ತೆಗಿಸ್ರಿ. ದನಾ ಮ್ಯಾಲಿನ ಹೊಲಕ್ಕ ಕಟ್ರಿ" ಎಂದಳು. ಆ ಮಾತಿನಲ್ಲಿ ಪುಸ್ತಕದ ಕನ್ನಡ ಇರಲಿಲ್ಲ. ಕಾಕಾ ನೆರೆಯ ನಾಲ್ಕು ಮನೆಯವರನ್ನೂ ಎಬ್ಬಿಸಿದರು. ಐದು ಪಂಪುಸೆಟ್ಟುಗಳು ಉಳಿದವು. ಮರುದಿನ ಸಂಜೆಗೆ ನೀರು ಬದು ದಾಟಿತ್ತು.

ಬೆಳೆ ಉಳಿಯಲಿಲ್ಲ. ತೊಗರಿ ಹೋಯಿತು, ಅಂಚಿನ ಕಬ್ಬು ಮಲಗಿತು. ಕಾಕಾ-ಚಿಗವ್ವ ಆರು ದಿನ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿದ್ದರು. ಬೆಂಗಳೂರಿನ ತಮ್ಮ ರಜೆ ಹಾಕಿ ಹೋದ. ನಾನು ದಾರಿ ತೆರೆದ ಮೇಲೆ ಹೋದೆ. ಹೊಲದ ತುಂಬ ಗೇಣುದ್ದ ಹೊಸ ಮಣ್ಣು, ನುಣ್ಣಗೆ, ಕಾಲಿಟ್ಟರೆ ಹೂಳುವಂಥದು. ಜಾಲಿಗಿಡಗಳು ಕಾಣದಷ್ಟು ಚೀಲಗಳು, ಹಾಸಿಗೆ, ಒಂದು ತಗಡಿನ ಬಾಗಿಲು.

ಭಟ್ಟಿಯ ಗಿರಾಕಿಯ ವಿಚಾರ ಕೇಳಿದೆ. "ಫೋನು ಎತ್ತವಲ್ಲ" ಎಂದರು ಕಾಕಾ. ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹೊಸಕಿ ನೋಡಿ, ಅವನ ಕಡೆಯಿಂದ ನನ್ನ ಕಡೆಗೆ ಮಾತು ತಿರುಗಿಸಿದರು. "ಇಂಥಾ ಮಣ್ಣಿಗೆ ಗೊಬ್ಬರ ಬ್ಯಾಡ. ಹಸಿ ಆರಲಿ, ಜ್ವಾಳ ಬಿತ್ತೂಣು. ಈ ವರ್ಷ ಒಬ್ಬ ಆಳಿನ ಪಗಾರ ನೀವು ಕೊಡಬೇಕಾಗ್ತದ ಮತ್ತ."

ಕೊಡುತ್ತೇವೆ ಎಂದೆ. ಅವ್ವನ ಸಹಿ ಇನ್ನೂ ಆಗಿಲ್ಲ. ಮುಂದಿನ ವರ್ಷ ಏನೋ, ಯಾರಿಗೆ ಗೊತ್ತು. ಕಾಕಾನ ಮೊಣಕಾಲು ವಾಸಿಯಾಗಿಲ್ಲ, ಕಾಲೇಜಿನ ಖರ್ಚು ಕಡಿಮೆಯಾಗಿಲ್ಲ. ದೀಪಾವಳಿಗೆ ಈ ಸಲ ಕಾಕಾ ಬರಲಿಲ್ಲ, ಬಿತ್ತನೆ ಇತ್ತು. ಅವ್ವ ಲಾಡಿನ ಡಬ್ಬಿಯನ್ನು ಸೊಲ್ಲಾಪುರದ ಬಸ್ಸಿನವನ ಕೈಯಲ್ಲಿ ಕಳಿಸಿದಳು. ಎಳ್ಳ ಅಮಾವಾಸ್ಯೆಗೆ ಐದೂ ಜನರ ರೈಲು ಟಿಕೀಟು ತೆಗೆಸಿದ್ದೇವೆ. ಹೋಟಗಿಯಲ್ಲಿ ವಿಜಯಪುರದ ಹಳಿಗೆ ಹೊರಳಿದ ಮೇಲೆ ಆ ರೈಲೂ ಭೀಮೆಯನ್ನು ದಾಟುತ್ತದೆ. ಕಿಟಕಿಯ ಜಾಗ ಯಾರಿಗೆ ಎಂದು ಅಕ್ಕ-ತಮ್ಮರ ಜಗಳ ಈಗಾಗಲೇ ಶುರುವಾಗಿದೆ.